ನಾಲ್ಕು ಕಾರ್ಡುಗಳ ಒಂದೇ ಉಸಿರು

ಯು-ಹಾನ್ ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಮೇಜಿನ ಮೇಲೆ ಪರೀಕ್ಷೆಗಿಟ್ಟಿದ್ದ ಪವರ್ ಸಪ್ಲೈಯ, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಕಪ್ಪು ಪೆಟ್ಟಿಗೆಯ ಫ್ಯಾನು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರಂತೆ, ಒಮ್ಮೆ ಜೋರಾಗಿ ಉಸಿರುಬಿಟ್ಟು ಮತ್ತೆ ತಣ್ಣಗಾಯಿತು. ಪೆಟ್ಟಿಗೆಯಿಂದ ಕರೆಂಟು ಎಳೆದು ನೋಡುವ ಲೋಡ್ ಯಂತ್ರದ ಪರದೆ ಎರಡು ಸಾವಿರ ವಾಟ್ ತೋರಿಸುತ್ತಿತ್ತು. ಪೆಟ್ಟಿಗೆಯ ಮೈಮೇಲೆ ಅಚ್ಚಾಗಿದ್ದದ್ದೂ ಅಷ್ಟೇ. ಅವನು ಅದಕ್ಕಿಂತ ಇನ್ನೂರು ಹೆಚ್ಚು ಎಳೆದ. ಪೆಟ್ಟಿಗೆ ಕೊಟ್ಟಿತು.

“ಬೀಳು,” ಎಂದ ಯು-ಹಾನ್, ತುಟಿ ಅಲುಗಿಸದೆ.

ಬೀಳಲಿಲ್ಲ. ಪವರ್ ಸಪ್ಲೈ ತನ್ನ ಮಿತಿ ಮೀರಿದಾಗ ತನ್ನನ್ನು ತಾನೇ ಆರಿಸಿಕೊಳ್ಳುವುದಕ್ಕೆ ಈ ಕೋಣೆಯಲ್ಲಿ ಹಾಗೆ ಅನ್ನುತ್ತಿದ್ದರು: ಬಿತ್ತು. ಬೆಳಗಿನಿಂದ ಯು-ಹಾನ್ ಅದೊಂದು ಶಬ್ದಕ್ಕಾಗಿ ಕಾಯುತ್ತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕೋಣೆಯಲ್ಲಿ ಇನ್ನೂರಿಪ್ಪತ್ತು ವೋಲ್ಟಿನ ಲೈನು ಇದ್ದದ್ದು ಒಂದೇ, ಅದೂ ಏಸಿಯದು. ದೊಡ್ಡ ಪೆಟ್ಟಿಗೆ ಪರೀಕ್ಷೆಗೆ ಬಂದ ದಿನ ಏಸಿಯ ಪ್ಲಗ್ ಕಿತ್ತು ಆ ಲೈನನ್ನು ಅದಕ್ಕೆ ಕೊಡಬೇಕು. ಉಳಿದ ಗೋಡೆಗಳಲ್ಲಿ ಬರುವ ನೂರಹತ್ತರಿಂದ ಇಷ್ಟನ್ನು ಎಳೆಯಲು ಹೋದರೆ ಇಡೀ ಮಹಡಿ ಕತ್ತಲಾಗುತ್ತದೆ. ಹಾಗಾಗಿ ತೈಪೆಯ ಪಕ್ಕದ ಜುಂಗ್‌ಹದ ಈ ಕಾರ್ಖಾನೆಯಲ್ಲಿ, ಬೇಸಿಗೆಯಲ್ಲಿ ಪರೀಕ್ಷೆ ಮಾಡುವುದೆಂದರೆ ಬೇಯುವುದು ಎಂದೇ ಅರ್ಥ. ಬೇರೆಯವರ ಕೆಲಸಕ್ಕಾಗಿ ಬೇಯುವುದು.

ಇದು ವಿನ್ಯಾಸ ವಿಭಾಗದ ರುಯ್-ಲಿನ್‌ನ ಕೆಲಸ. ನಾಲ್ಕು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದೇ ಕಂಪ್ಯೂಟರಿಗೆ ತುಂಬಿ, ಮನೆಯಲ್ಲಿ ಕೂತೇ ಯಂತ್ರಕ್ಕೆ ಬುದ್ಧಿ ಕಲಿಸುತ್ತೇವೆ ಅನ್ನುವವರಿಗಾಗಿ ಅವನು ಇದನ್ನು ರೂಪಿಸಿದ್ದ. ತೈಪೆಯ ಬೇಸಿಗೆಯ ಕಂಪ್ಯೂಟರ್ ಮೇಳದಲ್ಲಿ, ಕಂಪನಿಯ ಮಳಿಗೆಯ ನಡುಮಧ್ಯದ ಗಾಜಿನ ಕಪಾಟಿನಲ್ಲಿ ಇದು ಕೂರಬೇಕಿತ್ತು. ಅದಕ್ಕೆ ಬೇಕಾದದ್ದು ಪರೀಕ್ಷೆಯ ವರದಿಯ ಮೇಲೆ ಇಬ್ಬರ ಸಹಿ, ಮೊದಲು ಯು-ಹಾನ್‌ನದು, ಇವತ್ತು ಸಂಜೆಯೊಳಗೆ.

ಯು-ಹಾನ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಹುಡುಕಿದ. ಬೆಸುಗೆಯ ಒಂದು ಚುಕ್ಕೆಯೂ ಅಡ್ಡಾದಿಡ್ಡಿ ಹರಡಿರಲಿಲ್ಲ. ಕೆಪಾಸಿಟರುಗಳು ಬಿಸಿಯಾಗುವ ಭಾಗಗಳಿಂದ ದೂರ, ಗಾಳಿ ಹಾಯುವ ದಾರಿಯಲ್ಲಿ ಸಾಲಾಗಿ ನಿಂತಿದ್ದವು. ವೋಲ್ಟೇಜಿನ ನಡುಕ ಅಳೆದಾಗ ಆಸಿಲೋಸ್ಕೋಪಿನ ಗೆರೆ ಗಾಳಿಯಿಲ್ಲದ ದಿನದ ಕೆರೆಯ ಹಾಗೆ ಮಲಗಿತ್ತು. ಇಂಥದ್ದನ್ನು ನೋಡುವುದು ಕಷ್ಟ. ತಾನು ಬರೆಯಬೇಕೆಂದುಕೊಂಡಿದ್ದ ಪುಟವನ್ನು ಇನ್ನೊಬ್ಬನ ಕೈಬರಹದಲ್ಲಿ ಓದಿದ ಹಾಗೆ. ಬೋರ್ಡಿನ ಮೂಲೆಯಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ, ಬಿಳಿ ಶಾಯಿಯ ಪುಟ್ಟ ಮೀನು. ರೂಪಿಸಿದವನು ತನ್ನ ಗುರುತನ್ನು ಮೂಲೆಯಲ್ಲಿ ಅಚ್ಚು ಹಾಕಿಸುವುದು ಇಲ್ಲಿನ ಪದ್ಧತಿ. ಕೊಂಡವರು ಯಾರೂ ಅದನ್ನು ನೋಡುವುದಿಲ್ಲ. ಮುಚ್ಚಳ ತೆಗೆದರೆ ವಾರಂಟಿಯೇ ಹೋಗುತ್ತದೆ. ಆದರೂ ಅಲ್ಲಿ ಒಂದು ಮೀನು ಈಜುತ್ತಿರುತ್ತದೆ, ಲಕ್ಷಾಂತರ ಕತ್ತಲೆ ಪೆಟ್ಟಿಗೆಗಳೊಳಗೆ.

ಯು-ಹಾನ್‌ಗೂ ಒಂದು ಗುರುತಿತ್ತು. ಬಾಲ ಸುತ್ತಿಕೊಂಡು ಕೂತ ಹಲ್ಲಿ. ಕಾಲೇಜಿನ ದಿನಗಳಲ್ಲಿ ಮಾಡಿಕೊಂಡದ್ದು. ಅದನ್ನು ಅವನು ಹಾಳೆಗಳ ಅಂಚಿನಲ್ಲಿ ಬಿಡಿಸಿದ್ದೇ ಬಂತು, ಯಾವ ಬೋರ್ಡಿನ ಮೇಲೂ ಅದು ಹತ್ತಲಿಲ್ಲ.

ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವತ್ತು ಫಾಂಗ್ ಮ್ಯಾನೇಜರ್ ಇಬ್ಬರ ಮುಂದೂ ಒಂದೊಂದು ಸತ್ತ ಪವರ್ ಸಪ್ಲೈ ಇಟ್ಟು, ಇದಕ್ಕೇನಾಗಿದೆ ನೋಡಿ ಅಂದಿದ್ದರು. ಯು-ಹಾನ್ ಮ್ಯಾನೇಜರ್ ಚಹಾ ಮುಗಿಸುವುದರೊಳಗೆ ಹೇಳಿಬಿಟ್ಟ, ಯಾವ ಭಾಗ ಮೊದಲು ಸತ್ತಿತು, ಅದು ಯಾವುದನ್ನು ಕೊಂದಿತು, ಎಲ್ಲ. ರುಯ್-ಲಿನ್ ಸಂಜೆಯವರೆಗೆ ಕೂತ. ಏನಾಗಿತ್ತೆಂದು ಅವನಿಗೆ ಕೊನೆಗೂ ಹೇಳಲಾಗಲಿಲ್ಲ, ಆದರೆ ಪೆಟ್ಟಿಗೆ ಓಡುತ್ತಿತ್ತು. ಮ್ಯಾನೇಜರ್ ತಲೆಯಾಡಿಸಿ, ತಪ್ಪು ಕಾಣುವವನು ಪರೀಕ್ಷೆಗೆ, ಕಟ್ಟುವವನು ವಿನ್ಯಾಸಕ್ಕೆ ಅಂದರು. ಚುರುಕಾಗಿದ್ದದ್ದೇ ಯು-ಹಾನ್‌ಗೆ ಮುಳುವಾಯಿತು. ಅಂದಿನಿಂದ ಮ್ಯಾನೇಜರ್ ಅವನನ್ನು ಕರೆಯುವುದು ‘ತು ಯು-ಹಾನ್’ ಎಂದು, ಮನೆತನದ ಹೆಸರೂ ಸೇರಿಸಿ, ಹಾಜರಿ ಕೂಗಿದಂತೆ. ರುಯ್-ಲಿನ್ ಮಾತ್ರ ‘ಅ-ಲಿನ್’. ಮನೆಯ ಮಕ್ಕಳನ್ನು ಕರೆಯುವ ಹಾಗೆ.

ರುಯ್-ಲಿನ್ ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವನು ಬೆಳಿಗ್ಗೆ ಬರುವಾಗ ಸೋಯಾ ಹಾಲನ್ನೂ ಮೊಟ್ಟೆ ಸುತ್ತಿದ ರೊಟ್ಟಿಯನ್ನೂ ಇಬ್ಬರಿಗಾಗುವಷ್ಟು ತರುತ್ತಿದ್ದ. ಯು-ಹಾನ್‌ಗೆ ಖಾರದ ಸಾಸ್ ಬೇಕು, ಕೊತ್ತಂಬರಿ ಆಗದು ಅನ್ನುವುದು ಅವನಿಗೆ ನೆನಪಿರುತ್ತಿತ್ತು. ಆ ರೊಟ್ಟಿಯನ್ನು ಯು-ಹಾನ್ ಪ್ರತಿದಿನ ತಿನ್ನುತ್ತಿದ್ದ, ಪ್ರತಿದಿನವೂ ಅದು ಅವನ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ನಿಯಮದ ಪ್ರಕಾರ ಇದ್ದ ಪರೀಕ್ಷೆಗಳೆಲ್ಲ ಮುಗಿದಿದ್ದವು. ಪೆಟ್ಟಿಗೆ ಎಲ್ಲದರಲ್ಲೂ ಪಾಸು. ಆಗ ಯು-ಹಾನ್‌ಗೆ ಒಂದು ಯೋಚನೆ ಹೊಳೆಯಿತು. ಅದು ಹೊಟ್ಟೆಕಿಚ್ಚಿನಿಂದಲೇ ಹುಟ್ಟಿತೆಂದು ಅವನಿಗೆ ಗೊತ್ತಿತ್ತು, ಒಳ್ಳೆಯ ಯೋಚನೆಯೆಂದೂ ಗೊತ್ತಿತ್ತು.

ಲೋಡ್ ಯಂತ್ರ ಸಭ್ಯ ನೆಂಟನ ಹಾಗೆ. ಇಷ್ಟು ಬಡಿಸಿ ಎಂದು ಕೇಳಿ, ಬಡಿಸಿದಷ್ಟನ್ನು ನಿಧಾನವಾಗಿ ಉಣ್ಣುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಗಲ್ಲ. ರೆಪ್ಪೆ ಬಡಿಯುವುದರೊಳಗೆ ತನ್ನ ಪಾಲಿನ ಎರಡರಷ್ಟನ್ನು ಕಿತ್ತುಕೊಂಡು, ಏನೂ ಆಗಿಲ್ಲವೆಂಬಂತೆ ಕೂತುಬಿಡುತ್ತದೆ. ನಾಲ್ಕು ಕಾರ್ಡುಗಳಿದ್ದರೆ ಒಂದೊಂದು ಒಂದೊಂದು ಗಳಿಗೆಯಲ್ಲಿ ಕಿತ್ತುಕೊಳ್ಳುವುದರಿಂದ ಪೆಟ್ಟಿಗೆ ಸುಧಾರಿಸಿಕೊಳ್ಳುತ್ತದೆ. ಆದರೆ ನಾಲ್ಕೂ ಒಂದೇ ಗಳಿಗೆಯಲ್ಲಿ ಕೈ ಚಾಚಿದರೆ? ಯಂತ್ರಕ್ಕೆ ಬುದ್ಧಿ ಕಲಿಸುವ ಕೆಲಸದಲ್ಲಿ ಕಾರ್ಡುಗಳು ಒಂದನ್ನೊಂದು ಕಾದು ಒಟ್ಟಿಗೇ ಹೊರಡುತ್ತವೆ. ಯು-ಹಾನ್ ಒಂದು ಸಣ್ಣ ಪ್ರೋಗ್ರಾಂ ಬರೆದ. ನಾಲ್ಕೂ ಒಟ್ಟಿಗೆ ಏಳಬೇಕು, ಒಟ್ಟಿಗೆ ನಿಲ್ಲಬೇಕು, ಮತ್ತೆ ಏಳಬೇಕು. ನಾಲ್ಕು ಬಾಯಿ, ಒಂದೇ ಉಸಿರು.

ಮ್ಯಾನೇಜರ್‌ಗೆ ಹೇಳಿದ. ಅವರು ಗಡಿಯಾರ ನೋಡಿಕೊಂಡು, ಮಾಡು, ಊಟವಾದ ಮೇಲೆ ನನ್ನೆದುರಿಗೇ ಮಾಡು ಅಂದರು. ರುಯ್-ಲಿನ್‌ಗೂ ಹೇಳಿದ. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದ. ಒಂದು ಸಣ್ಣ ಅಳುಕು ಸಾಕಿತ್ತು, ಕಣ್ಣಿನಲ್ಲಿ ಹಾದುಹೋಗುವಷ್ಟು.

ರುಯ್-ಲಿನ್ ರೊಟ್ಟಿಯ ಕಾಗದವನ್ನು ಉಂಡೆ ಕಟ್ಟುತ್ತ ನಿಂತುಬಿಟ್ಟ. ಆಮೇಲೆ ಅವನ ಮುಖ ಅರಳಿತು.

“ಲೇ, ಒಳ್ಳೇ ಐಡಿಯಾ ಕಣೋ. ನೀನಿಲ್ದೇ ಇದ್ರೆ ನಂಗೆ ಹೊಳೀತಾನೇ ಇರ್ಲಿಲ್ಲ.”

ಗೋದಾಮಿನಿಂದ ನಾಲ್ಕು ಕಾರ್ಡುಗಳನ್ನು ಅವನೇ ಹೊತ್ತುತಂದ. ಮಗುವಿನ ತಲೆಗೆ ಕೈಯಿಟ್ಟು ಎತ್ತಿಕೊಳ್ಳುವ ಹಾಗೆ, ಒಂದೊಂದನ್ನೂ ಅಡಿಯಲ್ಲಿ ಹಿಡಿದು ಪರೀಕ್ಷೆಯ ಕಂಪ್ಯೂಟರಿನ ಸ್ಲಾಟಿಗೆ ಕೂರಿಸಿದ. ಯು-ಹಾನ್ ಕೇಬಲ್ಲುಗಳನ್ನು ಜೋಡಿಸಿದ. ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಒಂದೇ ಕಾರ್ಡಿಗೆ ಚುಚ್ಚದೆ, ಪ್ರತಿ ಕಾರ್ಡಿಗೂ ಪೆಟ್ಟಿಗೆಯಿಂದಲೇ ಬೇರೆ ಬೇರೆ ಕೇಬಲ್ ಎಳೆದ. ಬಿದ್ದರೆ ಪೆಟ್ಟಿಗೆಯ ತಪ್ಪಿನಿಂದಲೇ ಬೀಳಬೇಕು. ಜೋಡಿಸಿದವನ ತಪ್ಪು ಅಂತ ಯಾರೂ ಅನ್ನಬಾರದು.

ಮಧ್ಯಾಹ್ನ ಡಬ್ಬಿಗಳ ಊಟ ಮುಗಿಯಿತು. ಮಹಡಿಯ ದೀಪಗಳೆಲ್ಲ ಆರಿದವು. ಎಲ್ಲರೂ ಮೇಜಿನ ಮೇಲೆ ಪುಟ್ಟ ದಿಂಬು ಇಟ್ಟು, ತೋಳಿನಲ್ಲಿ ಮುಖ ಹುದುಗಿಸಿ ಮಲಗಿದರು. ದಿನವೂ ಇರುವ ನಿದ್ದೆ ಅದು. ಆಗ ಈ ಕಟ್ಟಡದಲ್ಲಿ ಎಚ್ಚರವಿರುವುದು ಫೋಟೋಕಾಪಿ ಯಂತ್ರ ಮಾತ್ರ. ಯು-ಹಾನ್‌ಗೆ ನಿದ್ದೆ ಬರಲಿಲ್ಲ. ಇದರಲ್ಲೂ ಪಾಸಾದರೆ? ತಾನೇ ಕಂಡುಹಿಡಿದ ಪರೀಕ್ಷೆಯಲ್ಲೂ ಪಾಸಾದರೆ, ಮೇಳದಲ್ಲಿ ರುಯ್-ಲಿನ್ ಅದನ್ನು ಎಲ್ಲರಿಗೂ ಹೇಳುತ್ತಾನೆ, ನಮ್ಮ ಯು-ಹಾನ್ ಇಂಥ ಪರೀಕ್ಷೆ ಮಾಡಿದ, ಆದರೂ ಬೀಳಲಿಲ್ಲ ಅಂತ. ಮನಸ್ಸಿಟ್ಟೇ ಹೇಳುತ್ತಾನೆ.

ಅವನು ಎದ್ದು ಬರಿಗಾಲಲ್ಲಿ ಪರೀಕ್ಷಾ ಕೋಣೆಗೆ ಹೋದ. ಕೇಬಲ್ಲುಗಳನ್ನು ಮತ್ತೊಮ್ಮೆ ಒತ್ತಿ ನೋಡಿದ. ಎಲ್ಲ ಬಿಗಿಯಾಗಿದ್ದವು. ಒಂದನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸಾಕು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಕೈ ಅಲ್ಲಿಗೆ ಹೋಗಲಿಲ್ಲ. ಅದು ಮೋಸ. ಕೈ ಹೋದದ್ದು ಕಂಪ್ಯೂಟರಿನ ತಲೆಯ ಮೇಲಿದ್ದ ಹಸಿರು ಚೀಲಕ್ಕೆ.

ಕ್ವಾಯ್ ಕ್ವಾಯ್. ತೆಂಗಿನಕಾಯಿ ರುಚಿಯ ಜೋಳದ ಪುರಿ, ಮಕ್ಕಳು ತಿನ್ನುವಂಥದ್ದು. ‘ಜಾಣಮರಿ’ ಅಂತ ಅದರ ಹೆಸರು. ಆಸ್ಪತ್ರೆಯಿರಲಿ, ಬ್ಯಾಂಕಿರಲಿ, ಇಲ್ಲಿ ಯಂತ್ರವಿರುವ ಕಡೆಯೆಲ್ಲ ಒಂದು ಚೀಲ ಕೂತಿರುತ್ತದೆ, ಯಂತ್ರ ಜಾಣಮರಿಯಾಗಿರಲಿ ಅಂತ. ಹಸಿರೇ ಆಗಬೇಕು. ಒಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಾರೀಕು ಮುಗಿದಿರಬಾರದು. ಮುಗಿದ ಚೀಲ ಕಾಯುವುದಿಲ್ಲ, ಕಾಡುತ್ತದೆ. ಈ ಮಹಡಿಯ ಚೀಲಗಳನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ಉಗ್ರಾಣದ ಸು-ಚಿನ್ ಅಕ್ಕ. ಯು-ಹಾನ್ ಅವಳನ್ನು ಗೇಲಿ ಮಾಡುತ್ತಿದ್ದ. ತನ್ನ ಆಸಿಲೋಸ್ಕೋಪಿನ ಮೇಲೆ ಅವಳಿಟ್ಟ ಚೀಲವನ್ನು ಬದಲಿಸಲು ಬಿಡದೆ, ಅದು ಹೋದ ವರ್ಷವೇ ಮುಗಿದರೂ ಗೆರೆ ನೆಟ್ಟಗೇ ಇದೆ ನೋಡಕ್ಕಾ ಅನ್ನುತ್ತಿದ್ದ. ಅವಳು ಅದನ್ನು ಕಿತ್ತು ಎಸೆಯಲು ಬಂದಾಗ ಡ್ರಾಯರಿಗೆ ಹಾಕಿ ಬೀಗ ಹಾಕಿದ್ದ.

ಈಗ ಆ ಬೀಗ ತೆಗೆದ. ಹಳೆಯ ಚೀಲವನ್ನು ಕಂಪ್ಯೂಟರಿನ ಮೇಲಿಟ್ಟು, ಹೊಸದನ್ನು ತಂದು ಡ್ರಾಯರಿಗೆ ಹಾಕಿದ. ಅವನಿಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ಒಂದು ಪುರಿಯ ಚೀಲದ ಬದಲು ಇನ್ನೊಂದು ಪುರಿಯ ಚೀಲ, ಅದೇನು ತಪ್ಪು? ಅದು ಏನೂ ಅಲ್ಲ. ಏನೂ ಅಲ್ಲದ್ದನ್ನು ಮಾಡುವಾಗ ಅವನ ಅಂಗೈ ಯಾಕೆ ಅಷ್ಟು ಬೆವರಿತೋ ಅವನಿಗೇ ಗೊತ್ತಾಗಲಿಲ್ಲ.

ದೀಪಗಳು ಹತ್ತಿದವು. ಕೆನ್ನೆಯ ಮೇಲೆ ತೋಳಿನ ಗೆರೆ ಹೊತ್ತುಕೊಂಡೇ ಫಾಂಗ್ ಮ್ಯಾನೇಜರ್ ಬಂದರು. ರುಯ್-ಲಿನ್ ಬಂದ. ನೋಡುವ ಆಸೆಗೆ ಸು-ಚಿನ್ ಅಕ್ಕನೂ ಬೀಸಣಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಏಸಿಯ ಪ್ಲಗ್ ಕಿತ್ತು ಆ ಲೈನನ್ನು ಪೆಟ್ಟಿಗೆಗೆ ಕೊಟ್ಟರು. ಯು-ಹಾನ್ ಪ್ರೋಗ್ರಾಂ ಓಡಿಸಿದ.

ನಾಲ್ಕೂ ಕಾರ್ಡುಗಳು ಒಟ್ಟಿಗೆ ಎದ್ದವು. ಫ್ಯಾನುಗಳು ಹುಯ್ಯೆಂದವು. ನಿಂತವು. ಮತ್ತೆ ಎದ್ದವು. ಪೆಟ್ಟಿಗೆ ತಡೆದುಕೊಂಡಿತು. ಮತ್ತೆ, ಮತ್ತೆ. ಕೋಣೆ ಬಿಸಿಯಾಗತೊಡಗಿತು, ಮ್ಯಾನೇಜರ್‌ರ ಕನ್ನಡಕ ಮೂಗಿನಿಂದ ಜಾರಿತು. ಯು-ಹಾನ್ ಹಲ್ಲು ಕಚ್ಚಿ ಪರದೆ ನೋಡುತ್ತಿದ್ದ. ತಡೆದುಕೊಳ್ಳುತ್ತಿದೆ. ರುಯ್-ಲಿನ್ ಮಾಡಿದ್ದೆಲ್ಲವೂ ತಡೆದುಕೊಳ್ಳುತ್ತದೆ.

ಟಕ್.

ಕಂಪ್ಯೂಟರಿನ ಪರದೆ ಕತ್ತಲು. ನಾಲ್ಕು ಕಾರ್ಡುಗಳ ಫ್ಯಾನುಗಳೂ ಉಸಿರು ಬಿಡುತ್ತ ನಿಧಾನವಾಗಿ ನಿಂತವು. ಬೀದಿಯ ಸ್ಕೂಟರುಗಳ ಸದ್ದು ಒಮ್ಮೆಲೇ ಕೇಳಿಸಿತು.

ಬಿದ್ದಿತ್ತು. ಯು-ಹಾನ್‌ಗೆ ಖುಷಿಯಾಯಿತು. ಒಂದು ಉಸಿರಿನಷ್ಟು ಹೊತ್ತು, ನೆತ್ತಿಯಿಂದ ಅಂಗಾಲಿನವರೆಗೆ, ಹಿಂದೆಂದೂ ಆಗದಷ್ಟು. ಆಮೇಲೆ ರುಯ್-ಲಿನ್‌ನತ್ತ ನೋಡಿದ. ರುಯ್-ಲಿನ್ ಯಾರನ್ನೂ ನೋಡುತ್ತಿರಲಿಲ್ಲ. ಮಂಡಿಯೂರಿ, ಪೆಟ್ಟಿಗೆಗೆ ಕಿವಿ ಹತ್ತಿಸಿ ಕೂತಿದ್ದ.

ಮ್ಯಾನೇಜರ್ ಕನ್ನಡಕ ಏರಿಸಿದರು. ಅವರ ಕಣ್ಣು ಮೊದಲು ಹೋದದ್ದು ಪೆಟ್ಟಿಗೆಗಲ್ಲ, ಹಸಿರು ಚೀಲಕ್ಕೆ. ಎತ್ತಿ ಹಿಂದೆ ಮುಂದೆ ತಿರುಗಿಸಿದರು, ತಾರೀಕು ಓದಿದರು. ಅವರ ಮುಖದಲ್ಲಿ ಎಂಥದೋ ನಿರಾಳ ಹರಡಿತು.

“ಹೋದ ವರ್ಷಾನೇ ಮುಗಿದಿದೆಯಲ್ಲ ಇದು. ಏನಮ್ಮಾ ಸು-ಚಿನ್?”

ಅಕ್ಕನ ಬೀಸಣಿಗೆ ನಿಂತಿತು. ಹೊಸ ವರ್ಷ ಕಳೆದ ಮೇಲೆ ನಾನೇ ಬದಲಿಸಿದ್ದೆ ಅಂದಳು. ತಾರೀಕು ಓದಿಯೇ ಇಟ್ಟಿದ್ದೆ, ಮುಖ ಯಂತ್ರದ ಕಡೆಗಿಟ್ಟಿದ್ದೆ, ಇದು ಆಚೆ ತಿರುಗಿದೆ ಅಂದಳು. ಮ್ಯಾನೇಜರ್ ನಕ್ಕರು, ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಅಂದರು. ಅವಳ ಕಿವಿ ಕೆಂಪಾಯಿತು. ತಗ್ಗಿದ ದನಿಯಲ್ಲಿ ತಪ್ಪಾಯಿತು ಅಂದಳು, ಮ್ಯಾನೇಜರ್‌ಗೊಮ್ಮೆ, ರುಯ್-ಲಿನ್‌ಗೊಮ್ಮೆ. ಯು-ಹಾನ್ ಲೋಡ್ ಯಂತ್ರದ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಿದ್ದ. ಅದು ಆರಿತ್ತು.

ಮ್ಯಾನೇಜರ್ ಅವನ ಭುಜ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದೊಯ್ದರು. ಸಿಗರೇಟು ಹಚ್ಚಿದರು. ಮಳಿಗೆಯ ಗಾಜಿನ ಕಪಾಟು ಆಗಲೇ ತಯಾರಾಗಿದೆ ಅಂದರು. ನಿಯಮದ ಪರೀಕ್ಷೆಗಳಲ್ಲೆಲ್ಲ ಪಾಸಾಗಿದೆಯಲ್ಲ, ಈ ಹೆಚ್ಚಿನದನ್ನು ಮಾಡಿ ಅಂತ ಹೊರಗಿನವರು ಯಾರೂ ಕೇಳಿಲ್ಲವಲ್ಲ ಅಂದರು. ಚೀಲದ ತಾರೀಕು ಮುಗಿದಿತ್ತು, ಹಾಗಾಗಿ ಇವತ್ತಿನದು ಲೆಕ್ಕಕ್ಕಿಲ್ಲ, ಮೇಳ ಮುಗಿದ ಮೇಲೆ ಹೊಸ ಚೀಲ ಇಟ್ಟು ಇನ್ನೊಮ್ಮೆ ಮಾಡೋಣ. ವರದಿಗೆ ಪರೀಕ್ಷಿಸಿದವನ ಸಹಿಯೂ ಬೇಕು, ರೂಪಿಸಿದವನ ಸಹಿಯೂ ಬೇಕು. ಅವನನ್ನು ಒಪ್ಪಿಸುವುದು ನಿನ್ನ ಕೆಲಸ, ನೀನು ಹೇಳಿದರೆ ಕೇಳುತ್ತಾನೆ.

ಹೊಗೆ ಬಿಟ್ಟು, ಬೀದಿಯ ಕಡೆ ನೋಡುತ್ತ ಅಂದರು: “ಇದೊಂದು ಮುಗೀಲಿ. ನಿನ್ನನ್ನೂ ವಿನ್ಯಾಸದ ಕಡೆ ಕೂರ್ಸೋಣ. ಎಷ್ಟು ದಿನ ಅಂತ ಬೇರೆಯವರ ತಪ್ಪು ಹುಡುಕ್ತೀಯ, ಅ-ಹಾನ್?”

ಅ-ಹಾನ್.

ಆ ಹೆಸರನ್ನು ಅವರ ಬಾಯಿಂದ ಕೇಳಲು ಅವನು ಎಷ್ಟು ಹಂಬಲಿಸಿದ್ದನೆಂದರೆ, ಅದು ಬಂದಾಗ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸಿತು. ಹಲ್ಲಿ ಬಾಲ ಬಿಚ್ಚಿ ಬೋರ್ಡಿನ ಮೂಲೆಗೆ ಹರಿದುಹೋದಂತೆ ಕಂಡಿತು. ತಲೆಯಾಡಿಸಿದ.

ವರದಿಯನ್ನು ಮತ್ತೆ ಮುದ್ರಿಸಿದ. ಕೊನೆಯ ಪರೀಕ್ಷೆಯ ಎದುರಿಗೆ, ಸಿದ್ಧತೆ ಸರಿಯಿಲ್ಲದ್ದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಸೇರಿಸಿ ತನ್ನ ಸಹಿ ಹಾಕಿದ. ಡ್ರಾಯರಿನಿಂದ ಒಳ್ಳೆಯ ಚೀಲ ತೆಗೆದುಕೊಂಡ. ಹೋಗುವಾಗ ಅವನಿಗೆ ಒಂದು ವಿಚಿತ್ರ ಹಸಿವು ಗೊತ್ತಾಯಿತು. ಹೊಸ ಕುರ್ಚಿಯದಲ್ಲ, ಹೆಸರಿನದೂ ಅಲ್ಲ. ರುಯ್-ಲಿನ್ ಇದಕ್ಕೆ ಹೂಂ ಅನ್ನಬೇಕು, ಅಷ್ಟೇ. ಒಂದೇ ಸಲ, ತನಗೆ ಸಲ್ಲದ್ದನ್ನು ಕೈಚಾಚಿ ತೆಗೆದುಕೊಳ್ಳಬೇಕು. ಆಗ ಆ ಮೀನು ಎಂಥ ನೀರಿನಲ್ಲಿ ಈಜುತ್ತಿದೆ ಅನ್ನುವುದು ತನಗೊಬ್ಬನಿಗಾದರೂ ಗೊತ್ತಿರುತ್ತದೆ. ಬೆಳಗಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತದೆ. ಬಹುಶಃ ಅವನನ್ನು ಇಷ್ಟಪಡಲೂ ಆಗುತ್ತದೆ.

ಪರೀಕ್ಷಾ ಕೋಣೆಯಲ್ಲಿ ಏಸಿಯ ಪ್ಲಗ್ ಇನ್ನೂ ನೇತಾಡುತ್ತಿತ್ತು. ರುಯ್-ಲಿನ್ ಅಂಗಿ ಕಳಚಿ, ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದ. ಪೆಟ್ಟಿಗೆಯ ಮುಚ್ಚಳ ಪಕ್ಕಕ್ಕಿತ್ತು. ಯು-ಹಾನ್ ಚೀಲವನ್ನು ಕಂಪ್ಯೂಟರಿನ ಮೇಲಿಟ್ಟ, ಮುಖ ಯಂತ್ರದ ಕಡೆಗೆ. ಆಮೇಲೆ ಅವನ ಎದುರಿಗೆ ಕೂತ. ಮ್ಯಾನೇಜರ್ ಅಂದದ್ದನ್ನೆಲ್ಲ ಹೇಳಿದ. ಕಪಾಟು ಕಾಯುತ್ತಿದೆ ಅಂದ. ಮೇಳಕ್ಕೆ ಬರುವವರು ಗಾಜಿನಾಚೆಯಿಂದ ನೋಡುತ್ತಾರಷ್ಟೇ, ಯಾರೂ ಒಳಗೆ ನಾಲ್ಕು ಕಾರ್ಡು ಚುಚ್ಚುವುದಿಲ್ಲ ಅಂದ. ತನ್ನ ದನಿ ಇಷ್ಟು ಮೃದುವಾಗಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ.

ರುಯ್-ಲಿನ್ ಬೋರ್ಡಿನಿಂದ ಕಣ್ಣೆತ್ತಲಿಲ್ಲ. ನಾಲ್ಕೂ ಒಟ್ಟಿಗೆ ಎಳೆದಾಗ ಒಳಗಿನ ಕಾವಲು ಸರ್ಕ್ಯೂಟು ಅದನ್ನು ಶಾರ್ಟ್ ಸರ್ಕ್ಯೂಟ್ ಅಂದುಕೊಂಡು ಗಾಬರಿ ಬಿದ್ದು ಪೆಟ್ಟಿಗೆಯನ್ನೇ ಆರಿಸುತ್ತಿದೆ ಅಂದ. ಬಿಸಿಯಾದಾಗ ಇನ್ನೂ ಬೇಗ. ಅದಕ್ಕೇ ಮೊದಲು ತಡೆದುಕೊಂಡಿತು.

ಹೌದು ಅಂದ ಯು-ಹಾನ್. ಅವನಿಗದು ಟಕ್ ಅಂದಾಗಲೇ ತಿಳಿದಿತ್ತು. ಕಾವಲನ್ನು ಚೂರು ನಿಧಾನಿಸಬೇಕು, ಎರಡು ಕೆಪಾಸಿಟರು ದೊಡ್ಡದು ಹಾಕಬೇಕು, ಮೇಳ ಮುಗಿದ ಮೇಲೆ ಇಬ್ಬರೂ ಸೇರಿ ಮಾಡಿಬಿಡೋಣ ಅಂದ. ಕಾಗದವನ್ನು ಮುಂದೆ ಸರಿಸಿ, ಅದರ ಮೇಲೆ ಪೆನ್ನು ಇಟ್ಟ.

“ಸುಮ್ನೆ ಒಂದು ಸಹಿ ಕಣೋ. ತಾರೀಕು ಮುಗಿದ ಚೀಲ ಇತ್ತು. ಎಲ್ರೂ ನೋಡಿದಾರೆ. ಯಾರೇನಂತಾರೆ?”

ರುಯ್-ಲಿನ್ ಕಾಗದ ಓದಿದ. ಪೂರ್ತಿ ಓದಿದ. ಯು-ಹಾನ್‌ನ ಸಹಿಯ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ತಗೋ ಎಂದು ಯು-ಹಾನ್ ಒಳಗೇ ಬೇಡಿಕೊಂಡ, ಬೆಳಿಗ್ಗೆ ಪೆಟ್ಟಿಗೆಗೆ ಬೀಳು ಎಂದ ಹಾಗೆ. ಒಂದು ಸಲ ತಗೋ.

ರುಯ್-ಲಿನ್ ಪೆನ್ನನ್ನು ಎತ್ತಿ ಯು-ಹಾನ್‌ನ ಕಡೆಗೆ ಹಿಡಿದ. ಕಾಗದವನ್ನು ಕೈಯ ಹಿಂಬದಿಯಿಂದ ಅವನ ಮಂಡಿಯವರೆಗೂ ತಳ್ಳಿದ.

“ಬೇಡ. ಅಕ್ಕನ ಚೀಲ ಏನೂ ಮಾಡಿಲ್ಲ. ಬಿದ್ದಿದ್ದು ನಂದು. ಬಿತ್ತು ಅಂತಾನೇ ಬರಿ, ಇದಕ್ಕೆ ನಾನು ಸಹಿ ಹಾಕಲ್ಲ.”